ಬೇಡ ಎನ್ನುವ ಬಟನ್

ನಮಗೆ ಕಂಪ್ಯೂಟರ್ ಸೈನ್ಸ್ ಕಲಿಸಿದ ಪ್ರೊಫೆಸರು ಬ್ಯಾಟರಾಯನಪುರದಿಂದ ಯಲಹಂಕದ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಕ್ಯಾಮೆರಾ ಮುಖಗಳನ್ನು ಹೇಗೆ ಗುರುತಿಸುತ್ತದೆ ಎಂಬುದು ಅವರ ಸಂಶೋಧನೆ. ನಮ್ಮ ಮುಖ ನೋಡಿ ಹೆಸರು ಹೇಳುವುದು ಮಾತ್ರ ಅವರಿಗೆ ಕೊನೆಯವರೆಗೂ ಬರಲಿಲ್ಲ.

ನಾವು ಯಾವ ಆ್ಯಪ್ ಮಾಡಿ ತೋರಿಸಿದರೂ ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ಸ್ಕ್ರೀನ್ ನೋಡುತ್ತಿದ್ದರು. ಆಮೇಲೆ ಅದೇ ಮಾತು: "ಎಲ್ಲಾ ಚೆನ್ನಾಗಿದೆ ಕಣ್ರೀ. ಬೇಡ ಅನ್ನೋರಿಗೆ ಬಟನ್ ಎಲ್ಲಿದೆ?" ಕೇಳದೆಯೇ ಕಾಫಿಗೆ ಸಕ್ಕರೆ ಹಾಕಿದ ಕ್ಯಾಂಟೀನಿನವನಿಗೂ ಇದನ್ನೇ ಕೇಳಿದ್ದರು.

ಶಾಲೆಗಳಲ್ಲಿ ಕ್ಯಾಮೆರಾದಿಂದ ಹಾಜರಿ ತೆಗೆದುಕೊಳ್ಳಬಹುದೇ ಎಂದು ತಿಳಿಸಲು ಸರ್ಕಾರ ಒಂದು ಸಮಿತಿ ಮಾಡಿ, ಅವರನ್ನೂ ಸೇರಿಸಿತು. ಮಕ್ಕಳ ಮುಖಗಳನ್ನು ಹಾಗೆ ಕೂಡಿಡಬಾರದು ಎಂದು ಪ್ರತಿ ಸಭೆಯಲ್ಲೂ ಹೇಳಿ ಬಂದರು. ಕೊನೆಗೆ ವರದಿ ಸದಸ್ಯರ ಒಪ್ಪಿಗೆಗಾಗಿ ಆನ್‌ಲೈನಿನಲ್ಲಿ ಬಂತು. ಪುಟದಲ್ಲಿ ಇದ್ದದ್ದು ಒಂದೇ ಬಟನ್: 'ಒಪ್ಪಿದ್ದೇನೆ'. ಅವರು ಒತ್ತಲಿಲ್ಲ. ನಮ್ಮ ಕ್ಲಾಸಿನ ನಡುವೆಯೇ ಸಮಿತಿಯ ಕಚೇರಿಯಿಂದ ಫೋನು ಬಂತು. "ಇನ್ನೊಂದು ಬಟನ್ ಹಾಕಿ, ಈಗ್ಲೇ ಒತ್ತುತೀನಿ" ಎಂದು ಫೋನಿಟ್ಟು ಪಾಠ ಮುಂದುವರಿಸಿದರು.

ವರದಿ ಹೊರಬಂತು. ಉತ್ತರ ಕೊಡದವರು ಒಪ್ಪಿದ್ದಾರೆಂದು ಭಾವಿಸಿ, ಒಪ್ಪಿದವರ ಸಾಲಿನಲ್ಲಿ ಪ್ರೊಫೆಸರ ಹೆಸರನ್ನೂ ಅಚ್ಚು ಹಾಕಿದ್ದರು.

ಅವರು ಆ ಒಂದೇ ಬಟನ್ನಿನ ಪುಟವನ್ನೇ ನಮ್ಮ ಪರೀಕ್ಷೆಗೆ ಕೊಟ್ಟು, ಇದರಲ್ಲಿ ತಪ್ಪೇನು ಎಂದು ಕೇಳಿದರು. ಬೇಡ ಎನ್ನುವ ಬಟನ್ ಹಾಕುವುದು ಮರೆತುಹೋಗಿದೆ ಎಂದು ಇಡೀ ಕ್ಲಾಸು ಖುಷಿಯಿಂದ ಬರೆಯಿತು. ಎಲ್ಲರಿಗೂ ಅರ್ಧ ಅಂಕ ಬಂತು.

ಯಾಕೆಂದು ಕೇಳಿದ್ದಕ್ಕೆ ಕನ್ನಡಕವನ್ನು ಹಣೆಗೇರಿಸಿದರು.

"ಬಟನ್ ಇಲ್ಲ ಅನ್ನೋದು ಸರಿ. ಮರೆತ್ರು ಅಂತ ನಿಮಗೆ ಯಾರು ಹೇಳಿದ್ರು?"