ತಾತನ ಪೆಟ್ಟಿಗೆ, ಅಕ್ಕನ ಚಿಮಟ

ನಮ್ಮ ತಾತ ದಂಡಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವರು. ಅಲ್ಲಿಂದ ಬರುವಾಗ ಒಂದು ಮರದ ಪೆಟ್ಟಿಗೆ ತಂದಿದ್ದರು. ಮೂಲೆಗಳಿಗೆ ಹಿತ್ತಾಳೆ, ಒಳಗೆ ಕೆಂಪು ಮಖಮಲ್ಲು, ಅದರಲ್ಲಿ ಒಂದೊಂದು ಹತಾರಕ್ಕೂ ಅದರದೇ ಆಕಾರದ ಗುಳಿ. ಮೂಳೆ ಕೊಯ್ಯುವ ಗರಗಸ, ಉದ್ದ ಚೂರಿಗಳು, ಗುಂಡು ಕೀಳುವ ಇಕ್ಕಳ. ಅಪ್ಪ ಅದನ್ನು ಆಯುಧಪೂಜೆಗೆ ಮಾತ್ರ ತೆಗೆಯುತ್ತಿದ್ದರು. ಅವರು ಹೋದ ಮೇಲೆ ನಾನು ಚಳ್ಳಕೆರೆಯ ನನ್ನ ಹಿಂಡಿ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ, ಗರಗಸದ ಮೇಲಿನ ಇಂಗ್ಲಿಷ್ ಅಕ್ಷರಗಳ ಮೇಲೆ ಓದು ಬಲ್ಲವನಂತೆ ಬೆರಳಾಡಿಸುತ್ತಿದ್ದೆ. ಎಮ್ಮೆಗೆ ಹಿಂಡಿ ಒಯ್ಯಲು ಬಂದವರು ಪಾಪ, ತೂಕ ಆಗುವವರೆಗೂ ನನ್ನ ಭಾಷಣ ಕೇಳಬೇಕಿತ್ತು.

ಇಂಥ ಪೆಟ್ಟಿಗೆಗಳನ್ನು ಸಂಗ್ರಹಿಸುವವರೊಬ್ಬರು ನಾನು ಮೊಬೈಲಿನಲ್ಲಿ ಹಾಕಿದ್ದ ಫೋಟೊ ನೋಡಿ ಫೋನ್ ಮಾಡಿದರು. ಒಂದು ಗುಳಿ ಖಾಲಿ ಇದೆ, ಅದರ ಚಿಮಟ ಸಿಕ್ಕರೆ ಸೆಟ್ ಪೂರ್ತಿಯಾಗುತ್ತದೆ, ಆಗ ಒಳ್ಳೆಯ ಬೆಲೆಗೆ ಕೊಳ್ಳುತ್ತೇನೆ ಎಂದರು. ನನಗೆ ತಟ್ಟನೆ ಅಕ್ಕನ ಚಿಮಟ ನೆನಪಾಯಿತು. ಅಕ್ಕನನ್ನು ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮನೆಗೆ ಕೊಟ್ಟಿದೆ. ಮಗ್ಗದಲ್ಲಿ ಕಡಿದ ಎಳೆಯನ್ನು ಹಿಡಿದೆಳೆದು ಗಂಟು ಹಾಕಲು ಅವಳು ಮದುವೆಯಾದಾಗಿನಿಂದ ಅದನ್ನೇ ಬಳಸುತ್ತಿದ್ದಳು. ಅಪ್ಪ ಕೊಟ್ಟದ್ದೆಂದು ಗೊತ್ತಿತ್ತು. ಪೆಟ್ಟಿಗೆಯಿಂದಲೇ ಕೊಟ್ಟಿರಬೇಕೆಂದು ನಾನು ತೀರ್ಮಾನಿಸಿ, ಮಾರನೆಯ ದಿನವೇ ಬಿ.ಜಿ. ಕೆರೆ ದಾಟಿ ಹೋಗುವ ಬಸ್ಸು ಹತ್ತಿದೆ.

"ಅದು ಆ ಪೆಟ್ಟಿಗೇದಲ್ಲ ಕಣೋ," ಎಂದಳು ಅಕ್ಕ.

ನಾನು ಪಂಡಿತನ ನಗೆ ನಕ್ಕೆ. ಅವಳು ಕೊಡುವಂತೆ ಕಾಣಲಿಲ್ಲ. ಆಗ ಅವಳ ಸೊಸೆ ಬಸುರಿ ಎಂಬುದು ನೆನಪಾಗಿ, ಇದು ದಂಡಿನಲ್ಲಿ ಸತ್ತವರ ರಕ್ತ ಕುಡಿದ ಕಬ್ಬಿಣ, ಬಸುರಿ ಇರುವ ಮನೆಯಲ್ಲಿ ಇರಬಾರದು ಎಂದುಬಿಟ್ಟೆ. ಅಕ್ಕ ಚಿಮಟವನ್ನೂ ಸೊಸೆಯನ್ನೂ ಒಮ್ಮೆ ನೋಡಿದಳು. ಸೆರಗಿನಿಂದ ಒರೆಸಿ ಕೊಟ್ಟಳು.

ಅಂಗಡಿಗೆ ತಂದರೆ ಅದು ಗುಳಿಯಲ್ಲಿ ಕೂರಲಿಲ್ಲ. ಚಿಮಟ ತಪ್ಪಿರಬಹುದು ಅನ್ನಿಸಿತು, ಮಖಮಲ್ಲು ತಪ್ಪಿರಬಹುದು ಅನ್ನಿಸಿತು. ನಾನು ತಪ್ಪಿರಬಹುದು ಎಂದು ಮಾತ್ರ ಹೊಳೆಯಲಿಲ್ಲ. ತೂಕದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು, ಬಗ್ಗಿಸಿ ಕೂರಿಸಿದೆ.

ಸಂಗ್ರಹದವರು ಬಂದರು. ಅದನ್ನು ಎರಡೇ ಬೆರಳಲ್ಲಿ ಎತ್ತಿ, "ಯಜಮಾನ್ರೇ, ಇದು ಗಡಿಯಾರ ರಿಪೇರಿಯವರದು. ಯಾರೋ ಬಡಿದು ಹಾಳು ಮಾಡಿದಾರೆ," ಎಂದರು. 'ಯಾರೋ' ಎಂದಾಗ ನಾನೂ ಅಯ್ಯೋ ಎನ್ನುವಂತೆ ತಲೆಯಾಡಿಸಿದೆ. ಪೆಟ್ಟಿಗೆ ನನ್ನಲ್ಲೇ ಉಳಿಯಿತು.

ಚಿಮಟ ಹಿಡಿದು ಮತ್ತೆ ಮೊಳಕಾಲ್ಮುರಿಗೆ ಹೋದೆ. ಪೂಜೆ ಮಾಡಿಸಿ ದೋಷ ತೆಗೆಸಿದ್ದೇನೆ ಎಂದು ಹೊಸ ಸುಳ್ಳನ್ನೂ ಜೊತೆಗೆ ಒಯ್ದಿದ್ದೆ. ಅಕ್ಕ ಅದರಿಂದ ಒಂದು ಎಳೆ ಹಿಡಿಯಲು ನೋಡಿದಳು. ತುದಿಗಳು ಒಂದನ್ನೊಂದು ಮುಟ್ಟಲಿಲ್ಲ. ಆಮೇಲೆ ಹೇಳಿದಳು: ಮದುವೆಯಾದ ಹೊಸದರಲ್ಲಿ ಎಳೆ ಹಿಡಿದು ಹಿಡಿದು ಅವಳ ಉಗುರು ಕಿತ್ತು ಹೋಗುತ್ತಿದ್ದುದನ್ನು ಕಂಡು, ಅಪ್ಪ ಚಳ್ಳಕೆರೆಯ ಗಡಿಯಾರದ ಸಾಬರನ್ನು ಕಾಡಿ ಬೇಡಿ ತಂದುಕೊಟ್ಟ ಚಿಮಟವಂತೆ ಅದು.

"ನಿಜ ಹೇಳೋ ತಮ್ಮಾ," ಎಂದಳು. "ಇದಕ್ಕೆ ಸುತ್ತಿಗೆ ಹಾಕಿದ್ದೂ ಆ ಸತ್ತ ಸಿಪಾಯೀನಾ?"

ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ ಟೀ ತಂದಳು. ತೆರೆದ ಬಾಯಿಗೆ ಟೀ ಸುರಿದುಕೊಂಡೆ. ಅಕ್ಕ ಮಗ್ಗದ ಮೇಲೆ ಬಾಗಿ, ಕಡಿದ ಎಳೆಯನ್ನು ಉಗುರಿನಿಂದ ಹುಡುಕುತ್ತಿದ್ದಳು. ಮೂರನೇ ಸಲಕ್ಕೆ ಸಿಕ್ಕಿತು.