ಚಾಂಪಿಯನ್ ಪಕ್ಕ ನನ್ನ ಹರಿಗೋಲು

ತುಂಗಭದ್ರೆ ಉಕ್ಕಿದ ವರ್ಷ ಎಮ್ಮೆಕರು ಹೆಗಲ ಮೇಲೆ ಹೊತ್ತು ಹರಿಹರದ ಹೊಳೆ ಈಜಿ ದಾಟಿದವ ನಾನು. ಕಂಡವರೆಲ್ಲ ತೀರಿಕೊಂಡಾರೆ.

ಮೊನ್ನೆ ದಾವಣಗೆರೆಯ ಹುಡುಗಿಯೊಬ್ಬಳು ನನ್ನ ಹರಿಗೋಲು ಕೇಳಿಕೊಂಡು ಬಂದಳು. ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ದಿನ ಮುಗಿಸೋ ಪಂದ್ಯದ ಚಾಂಪಿಯನ್ನಂತೆ. ಹೋದ ಸಲ ಸಮುದ್ರದಾಗ ದಮ್ಮು ಕಟ್ಟಿದಾಗಿಂದ ನೀರಂದ್ರೆ ನಡುಕ. ಪಕ್ಕದಾಗ ಕಾವಲಿಗೆ ಯಾರಾದ್ರೂ ಇದ್ರೆ ಈಜ್ತೀನಿ ಅಂದಳು.

ನಡುಹೊಳೆಯಾಗ ಹರಿಗೋಲಿನ ಅಂಚು ಹಿಡಿದು ಅತ್ತೇಬಿಟ್ಟಳು. "ಮ್ಯಾಲೆ ಎಳ್ಕೊಳ್ರಿ ಅಜ್ಜ. ಇನ್ನು ಪಂದ್ಯಾನೇ ಬ್ಯಾಡ."

"ಎಳ್ಕೊಂತೀನವ್ವ. ಮೊದ್ಲು ಎಮ್ಮೆಕರು ಕತೆ ಕೇಳು."

ಕರು ನಡುನೀರಾಗ ನನ್ನ ಕಿವಿ ನೆಕ್ಕಿತು ಅಂದಾಗ ನಕ್ಕು, ಅಂಚು ಬಿಟ್ಟಳು. ಕತೆ ಮುಗಿಯೋದ್ರಾಗ ಆಚೆ ದಡದಾಗಿದ್ದಳು.

"ಬರ್ರಿ ಅಜ್ಜ, ವಾಪಸ್ ಇಬ್ರೂ ಈಜೋಣ!"

ನಾನು ಹರಿಗೋಲಿನ ಅಂಚನ್ನ ಎರಡೂ ಕೈಲಿ ಗಟ್ಟಿ ಹಿಡಿದು ಕೂತೆ.

"ಅಯ್ಯೋ, ಈಜು ಬರದವರನ್ನೇನ್ರಿ ನಾನು ಕಾವಲಿಗೆ ಕರ್ಕೊಂಡು ಬಂದಿದ್ದು?"

"ಬಿಡವ್ವ ಅತ್ಲಾಗೆ," ಅಂದೆ. "ದಡ ಮುಟ್ಟಿದೆಯಲ್ಲ."