ವರ್ಲಿನ್ ತೊಳೆದ ಒಂಬತ್ತು ಕಾರುಗಳು

ವರ್ಲಿನ್ ಟೋಸ್ಟ್ರುಡ್ ಮೂವತ್ತನಾಲ್ಕು ಚಳಿಗಾಲ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದವನು. ಮುಂದೆ ದೊಡ್ಡ ಕಬ್ಬಿಣದ ಹಲಗೆ, ಹಿಂದೆ ಮಂಜು ಕರಗಿಸಲು ರಸ್ತೆಗೆ ಎರಚುವ ಉಪ್ಪಿನ ರಾಶಿ. ಮಿನೆಸೋಟಾದ ನಮ್ಮ ಈ ಮೂಲೆಯಲ್ಲಿ ಯಾರ ಕಾರಿನ ಅಡಿ ತುಕ್ಕು ಹಿಡಿದು ಉದುರಿದ್ದರೂ ಅದರಲ್ಲಿ ಅವನ ಪಾಲು ಇದ್ದೇ ಇದೆ. ಅಂಥವನು ನಿವೃತ್ತಿಯಾದ ಮೇಲೆ ಮನೆಯ ಗ್ಯಾರೇಜಿನಲ್ಲಿ ಊರವರ ಕಾರು ತೊಳೆದು ಹೊಳೆಸಲು ನಿಂತ ಎಂದರೆ ಕೆಲವರಿಗೆ ಅದು ಪ್ರಾಯಶ್ಚಿತ್ತದ ಹಾಗೆ ಕಂಡಿತು. ಅವನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ.

ನಿವೃತ್ತಿಯ ಮೊದಲ ಚಳಿಗಾಲವನ್ನು ಅವನು ಕಿಟಕಿಯ ಬಳಿ ಕೂತೇ ಕಳೆದ. ತನ್ನ ಲಾರಿಯನ್ನು ಬೇರೊಬ್ಬ ಓಡಿಸಿಕೊಂಡು ಹೋಗುವುದನ್ನು ನೋಡಿ, ತಿರುವಿನಲ್ಲಿ ಹಲಗೆ ಎತ್ತುವುದು ತಡವಾಯಿತು ಎಂದು ಕಾಫಿಯ ಲೋಟಕ್ಕೆ ಹೇಳುತ್ತಿದ್ದ. ಜನವರಿಯಲ್ಲಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಫೆಬ್ರವರಿಯಲ್ಲಿ ಹೆಂಡತಿ ಆರ್ಡಿಸ್ ಪಾತ್ರೆ ತೊಳೆಯುವ ರೀತಿಯಲ್ಲಿ ಏನು ತಪ್ಪಿದೆ ಎಂದು ಅವಳಿಗೆ ವಿವರಿಸಲು ಹೋದ. ಆರ್ಡಿಸ್ ಚರ್ಚಿನಲ್ಲಿ ಯಾರು ತೀರಿಕೊಂಡರೂ ಊಟದ ಏರ್ಪಾಡು ನೋಡಿಕೊಳ್ಳುವವಳು. ಇನ್ನೂರು ಜನಕ್ಕೆ ಬಡಿಸಿ ಮುಗುಳ್ನಗುತ್ತಲೇ ಮನೆಗೆ ಬರುವ ತಾಳ್ಮೆಯವಳು. ಅವಳೂ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟಳು.

"ಏನಾದ್ರೂ ಮಾಡ್ಕೋ ವರ್ಲಿನ್," ಎಂದಳು. "ಆದ್ರೆ ಮನೆಯಿಂದ ಆಚೆ ಮಾಡ್ಕೋ."

ಹಾಗಾಗಿ ಅವನು ಕಾರು ತೊಳೆಯುವ ಕೆಲಸಕ್ಕೆ ಬಂದ. ಮೊಮ್ಮಕ್ಕಳು ಬಿಟ್ಟುಹೋದ ಹಳೆಯ ಟ್ಯಾಬ್ಲೆಟ್ಟಿನಲ್ಲಿ, ಯಾವುದೋ ಬಿಸಿಲ ನಾಡಿನ ಮನುಷ್ಯನೊಬ್ಬ ಕಾರು ತೊಳೆಯುವುದನ್ನು ತೋರಿಸುತ್ತಿದ್ದ. ಮಲಗಿರುವ ಮಗು ಎದ್ದುಬಿಡುತ್ತದೇನೋ ಎಂಬಂತೆ ಅವನು ಪಿಸುಮಾತಿನಲ್ಲಿ ಮಾತಾಡುತ್ತಿದ್ದ. ಎರಡು ಬಕೆಟ್ಟು ಇಟ್ಟುಕೊಳ್ಳಬೇಕು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಉಜ್ಜಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸದೆ ಸೋಪಿಗೆ ಅದ್ದಬಾರದು, ಅದ್ದಿದರೆ ಮಣ್ಣಿನ ಕಣ ಬಣ್ಣವನ್ನು ಗೀರುತ್ತದೆ. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಬಿಸಿಲಲ್ಲಿ ತೊಳೆಯಬಾರದು. ವರ್ಲಿನ್ ಮೂರು ವಾರ ಪೆನ್ಸಿಲ್ ಹಿಡಿದು ನೋಡಿದ. ತಾನು ಇಷ್ಟು ವರ್ಷ ಕಾರು ತೊಳೆದಿದ್ದೆಲ್ಲ ಶುದ್ಧ ಕಟುಕತನ ಎಂದು ಅವನಿಗೆ ಮನವರಿಕೆಯಾಯಿತು.

ಎಲ್ಲವೂ ಸರಿಯಾಗಿತ್ತು, ಬಾಟಲಿಗಳ ವಿಷಯ ಒಂದು ಬಿಟ್ಟು. ಆ ಮನುಷ್ಯ ಹನ್ನೊಂದು ಬಾಟಲಿ ಇಟ್ಟುಕೊಂಡಿದ್ದ. ಗಾಜಿಗೊಂದು, ಚರ್ಮಕ್ಕೊಂದು, ಡ್ಯಾಶ್‌ಬೋರ್ಡಿಗೊಂದು, ಟೈರಿಗೊಂದು. ನಮ್ಮ ಕಡೆಯ ಮನುಷ್ಯ ಒಂದು ಕೆಲಸಕ್ಕೆ ಹನ್ನೊಂದು ಬಾಟಲಿ ಕೊಳ್ಳುವುದೆಂದರೆ ತನ್ನ ತಾತನ ಗೋರಿಯ ಮೇಲೆ ಕುಣಿದ ಹಾಗೆ. ವರ್ಲಿನ್ ಲವೋನಳ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ರಿಯಾಯಿತಿಯಲ್ಲಿದ್ದ ಟೈರ್ ಪಾಲಿಶಿನ ದೊಡ್ಡ ಕ್ಯಾನು ಒಂದನ್ನೇ ಎತ್ತಿಕೊಂಡು ಬಂದ. ಕಪ್ಪು ರಬ್ಬರನ್ನು ಹೊಳೆಸುತ್ತದೆ ಎಂದು ಅದರ ಮೇಲೆ ಬರೆದಿತ್ತು. ರಬ್ಬರನ್ನು ಹೊಳೆಸುವುದು ಸ್ಟೀರಿಂಗನ್ನೂ ಹೊಳೆಸಲೇಬೇಕು, ಸೀಟನ್ನೂ ಹೊಳೆಸಲೇಬೇಕು, ಬ್ರೇಕಿನ ಪೆಡಲೇನು ಪಾಪ ಮಾಡಿದೆ ಎಂಬುದು ಅವನ ತರ್ಕ.

ಮೊದಲು ಆರ್ಡಿಸಳ ಬೂದು ಕಾರು. ಗ್ಯಾರೇಜಿನಲ್ಲಿ ಎರಡು ದಿನ ಹಿಡಿಯಿತು. ಲೋಟ ಇಡುವ ಗುಂಡಿಯಲ್ಲಿ ನಿಂತಿದ್ದ ಹಳೆಯ ಕಾಫಿಯನ್ನು, ಹಬ್ಬದ ದಿನ ಬೇಯುವ ಟರ್ಕಿ ಕೋಳಿಯ ಮೇಲೆ ಅದರದೇ ರಸ ಬಿಡುವ ರಬ್ಬರ್ ಪಿಚಕಾರಿಯಿಂದ ಹೀರಿ ತೆಗೆದ. ಆಮೇಲೆ ಒಳಗೆಲ್ಲ ಆ ಕ್ಯಾನಿನದನ್ನು ಬಳಿದ. ಕಾರು ಒಳಗೂ ಹೊರಗೂ ಮಿಂಚಿತು. ಆರ್ಡಿಸ್ ಬಾಗಿಲು ತೆಗೆದು, ಸೀಟನ್ನು ಒಂದು ಬೆರಳಿನಿಂದ ಮುಟ್ಟಿ, "ಒಂಥರಾ ಬೇರೇನೇ ಇದೆ," ಎಂದಳು.

ಇಲ್ಲಿ ನಮ್ಮೂರಿನವರ ಬಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಬಾಯಿಯಿಂದ ಯಾರ ಎದುರಿಗೂ ಕೆಟ್ಟ ಮಾತು ಬರುವುದಿಲ್ಲ. ಚರ್ಚಿನ ನೆಲಮಾಳಿಗೆಯ ಊಟದಲ್ಲಿ ಯಾರೋ ಒಂದೇ ತಟ್ಟೆಯಲ್ಲಿ ಮಾಂಸ ತರಕಾರಿ ಬೇಯಿಸಿ ತಂದ ಹಾಟ್‌ಡಿಶ್ ಉಪ್ಪಾಗಿ, ಮೇಲಿನ ಆಲೂಗಡ್ಡೆ ಸೀದು ಕರಿಕಲಾಗಿದ್ದರೆ, ತಿಂದವರು ನೀರು ಕುಡಿದು "ಬೇರೆ ಥರಾ ಇದೆ" ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ವರ್ಲಿನ್ನನಿಗೂ ಇದು ಚೆನ್ನಾಗಿ ಗೊತ್ತು, ಎಷ್ಟೋ ಜನರ ಹಾಟ್‌ಡಿಶ್ಶಿಗೆ ಅವನೇ ಇದನ್ನು ಹೇಳಿದ್ದಾನೆ. ಆದರೆ ತನ್ನ ಕಾರಿನ ವಿಷಯಕ್ಕೆ ಬಂದಾಗ ಮನುಷ್ಯನ ಕಿವಿ ಬೇರೆಯೇ ಆಗಿಬಿಡುತ್ತದೆ. ಬೇರೆ ಎಂದರೆ ಮೊದಲಿಗಿಂತ ಬೇರೆ, ಚೆನ್ನಾಗಿ ಆಗಿದೆ ಎಂದು ತಿಳಿದುಕೊಂಡು ಮಾರನೆಯ ದಿನವೇ ಬೀದಿಗೆ ಕಾಣುವಂತೆ, ಕಾರು ತೊಳೆದುಕೊಡುತ್ತೇನೆಂಬ ಒಂದು ಬೋರ್ಡು ನೆಟ್ಟ.

ಬೋರ್ಡು ನೆಟ್ಟ ಎರಡೇ ದಿನಕ್ಕೆ ಪಾಸ್ಟರ್ ಬೆಂಗ್ಟ್‌ಸನ್ ತಮ್ಮ ಕಾರು ತಂದರು. ಆಮೇಲೆ ಲವೋನ್ ಬಂದಳು. ಆಮೇಲೆ ಬ್ಯಾಂಕಿನವರು, ಅಂಚೆಯವರು, ಕೊನೆಗೆ ಒಂದನೇ ಬೀದಿಯ ಬೊರ್ಗಿಲ್ಡ್ ಸ್ಕಾರ್ ಟೀಚರ್. ಮೇ ತಿಂಗಳ ಹೊತ್ತಿಗೆ ಒಂಬತ್ತು ಕಾರುಗಳಾದವು. ವರ್ಲಿನ್ ಒಂದೊಂದಕ್ಕೂ ಒಂದು ದಿನ ಕೊಟ್ಟ. ಚಕ್ರದ ಸಂದಿಯಲ್ಲಿ ಗಟ್ಟಿಯಾಗಿದ್ದ ಉಪ್ಪನ್ನು ವರ್ಷಗಟ್ಟಲೆ ತಾನೇ ಹಾಕಿದವನೆಂಬ ಗುರುತಿನಿಂದ ಹುಡುಕಿ ಹುಡುಕಿ ತೆಗೆದ. ಕೊನೆಯಲ್ಲಿ ಕ್ಯಾನಿನ ಮುಚ್ಚಳ ತೆರೆದು ಸೀಟಿಗೆಲ್ಲ ಉದಾರವಾಗಿ ಬಳಿದ. ಬಂದವರೆಲ್ಲ ಹೊಗಳಿದರು. ಪಾಸ್ಟರ್ ಅಂತೂ ಕಾರಿನೊಳಗೆ ಕೂತು, ಸೀಟಿನ ಮೇಲೆ ಮುಂದಕ್ಕೆ ಸರಿದು, ಮತ್ತೆ ಹಿಂದಕ್ಕೆ ಸರಿದು, ಇಷ್ಟು ಹೊಳಪನ್ನು ತಾವು ನೋಡಿಯೇ ಇರಲಿಲ್ಲ ಎಂದರು. ಆ ಭಾನುವಾರ ಅವರ ಪ್ರವಚನ, ಕಾಲು ಜಾರುವ ದಾರಿಯಲ್ಲಿ ನಡೆಯುವವರ ಬಗ್ಗೆ ಇತ್ತು. ವರ್ಲಿನ್ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದ.

ಅವನು ಆ ಒಂದು ತಿಂಗಳು ಇದ್ದಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ. ಹಿಮ ತಳ್ಳುವವನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ತಳ್ಳದಿದ್ದರೆ ಫೋನು ಬರುತ್ತದೆ, ತಳ್ಳಿದರೆ ಯಾರೂ ಏನೂ ಹೇಳುವುದಿಲ್ಲ, ಏಪ್ರಿಲ್ ಬಂದರೆ ತಾನೇ ಕರಗುತ್ತದೆ. ಈಗ ಮೊದಲ ಸಲ ಅವನು ಮಾಡಿದ ಕೆಲಸ ಎದುರಿಗೆ ನಿಂತು ಹೊಳೆಯುತ್ತಿತ್ತು. ತನಗೆ ಒಂದು ಕೆಲಸ ಚೆನ್ನಾಗಿ ಬರುತ್ತದೆ ಎಂಬುದು ಅರವತ್ತಾರರ ವಯಸ್ಸಿನಲ್ಲಿ ಗೊತ್ತಾದರೆ ಆಗುವ ಸಂತೋಷವನ್ನು ಅನುಭವಿಸಿದವರೇ ಹೇಳಬೇಕು.

ಒಂದು ಗುರುವಾರ ಮಧ್ಯಾಹ್ನ ನೀರಿನ ಪೈಪು ಒಡೆಯಿತು. ಹೊಸದು ತರಲು ವರ್ಲಿನ್ ಲವೋನಳ ಅಂಗಡಿಗೆ ಹೋದರೆ ಬಾಗಿಲಿಗೆ "ಹತ್ತು ನಿಮಿಷದಲ್ಲಿ ಬರುತ್ತೇನೆ" ಎಂಬ ಚೀಟಿ ತೂಗುತ್ತಿತ್ತು. ಅಂಗಡಿಯ ಎದುರಿಗೇ, ನಾಣ್ಯ ಹಾಕಿ ನಾವೇ ಕಾರು ತೊಳೆದುಕೊಳ್ಳುವ ಜಾಗ. ಕಾಯುವ ಹೊತ್ತಿಗೆ ಸುಮ್ಮನೆ ಆ ಕಡೆ ನೋಡಿದ.

ಮೊದಲನೇ ಅಂಕಣದಲ್ಲಿ ಪಾಸ್ಟರರ ಕಾರು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿತ್ತು. ಪಾಸ್ಟರ್ ಅಂಗಿಯ ತೋಳು ಮಡಚಿ, ಡ್ರೈವರ್ ಸೀಟಿನ ಮೇಲೆ ಮೊಣಕಾಲೂರಿ, ನೆಲ ತಿಕ್ಕುವ ಬ್ರಷ್ಷಿನಿಂದ ಸೀಟನ್ನು ಗಸಗಸ ಉಜ್ಜುತ್ತಿದ್ದರು. ಎರಡನೇ ಅಂಕಣದಲ್ಲಿ ಲವೋನ್ ಸ್ಟೀರಿಂಗನ್ನು ಪಾತ್ರೆ ಸೋಪಿನಿಂದ ತೊಳೆಯುತ್ತಿದ್ದಳು. ಹಿಂದೆ ಬ್ಯಾಂಕಿನವರು ಕಾಗದದ ಟವೆಲಿನ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸರದಿಗೆ ಕಾಯುತ್ತಿದ್ದರು. ಮೂವರೂ ಏಕಕಾಲಕ್ಕೆ ವರ್ಲಿನ್ನನನ್ನು ನೋಡಿದರು.

ಬೇರೆ ಊರಾಗಿದ್ದರೆ ಅಲ್ಲಿ ಏನಾದರೂ ಒಂದು ಮಾತಾಗುತ್ತಿತ್ತು. ನಮ್ಮೂರಿನಲ್ಲಿ ಪಾಸ್ಟರ್ ಬ್ರಷ್ಷನ್ನು ಬೆನ್ನ ಹಿಂದೆ ಹಿಡಿದು, ಈ ವರ್ಷ ಮಂಜು ಬೇಗ ಕರಗಿತು ಎಂದರು. ವರ್ಲಿನ್ ಹೌದೆಂದ, ಆದರೆ ಗಾಳಿ ಇನ್ನೂ ತಣ್ಣಗಿದೆ ಎಂದ. ಲವೋನ್ ಗಾಳಿ ವಾಯವ್ಯದ್ದು ಎಂದಳು. ಬ್ಯಾಂಕಿನವರು ಕಾಗದದ ಸುರುಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿ, ಮೆಕ್ಕೆಜೋಳ ಬಿತ್ತಲು ಇದು ಒಳ್ಳೆಯದೇ ಎಂದರು. ಹೀಗೆ ಹದಿನೈದು ನಿಮಿಷ ಹವಾಮಾನ ನಡೆಯಿತು. ಪೈಪು ಕೊಳ್ಳದೆಯೇ ವರ್ಲಿನ್ ಮನೆಗೆ ಬಂದ.

ಆರ್ಡಿಸಳ ಕಾರು ಅಂಗಳದಲ್ಲಿತ್ತು. ಅವನು ಬಾಗಿಲು ತೆಗೆದು ನೋಡಿದ. ಡ್ರೈವರ್ ಸೀಟಿನ ಮೇಲೆ ಸ್ನಾನದ ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಜಾರದಂತೆ ಪಿನ್ನು ಚುಚ್ಚಿತ್ತು.

"ನಿಂಗೆ ಗೊತ್ತಿತ್ತಾ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

ಆರ್ಡಿಸ್ ಒಲೆ ಆರಿಸಿದಳು. ಆಮೇಲೆ, ತಾನು ಪಾಸ್ಟರ್ ಒಬ್ಬರಿಗೆ ಮಾತ್ರ ಹೇಳಿದ್ದು, ಗಂಡ ಮನೆಯಲ್ಲಿ ಕೂತು ಕೊರಗುತ್ತಾನೆ, ಒಂದು ಸಲ ಕಾರು ತಂದರೆ ಉಪಕಾರವಾಗುತ್ತದೆ ಎಂದದ್ದು, ಉಳಿದವರಿಗೆ ಅವರು ಹೇಳಿರಬೇಕು ಎಂದಳು. ವರ್ಲಿನ್ ಕುರ್ಚಿ ಎಳೆದುಕೊಂಡು ಕೂತ.

"ಯಾರಾದ್ರೂ ಸತ್ರೆ ಮನೆಮನೆಯಿಂದ ಹಾಟ್‌ಡಿಶ್ ತಂದ್ಕೊಡ್ತಾರಲ್ಲ," ಎಂದ. "ಹಾಗೆ ಕಾರು ತಂದ್ರು. ಒಂಬತ್ತು ಹಾಟ್‌ಡಿಶ್. ನಾನು ಇನ್ನೂ ಬದುಕಿದೀನಿ ಆರ್ಡಿಸ್."

ಅವನಿಗೆ ನೋವಾದದ್ದು ಸೀಟು ಜಾರಿದ್ದಕ್ಕಲ್ಲ. ಜಾರಿದ್ದನ್ನು ಒಬ್ಬರಾದರೂ ಹೇಳುವಷ್ಟು ತಾನು ಕೆಲಸಗಾರನಾಗಿ ಕಾಣಲಿಲ್ಲವಲ್ಲ ಎಂಬುದಕ್ಕೆ. ಅಂದೇ ಸಂಜೆ ಬೋರ್ಡು ಕಿತ್ತು ಗ್ಯಾರೇಜಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಶುಕ್ರವಾರ ಮತ್ತೆ ಅಡುಗೆಮನೆಯ ಡಬ್ಬಗಳ ಕಡೆ ಅವನ ಕಣ್ಣು ಹೋಯಿತು. ಆರ್ಡಿಸ್ ಹೆದರಿದಳು.

ಶನಿವಾರ ಬೆಳಿಗ್ಗೆ ಬೊರ್ಗಿಲ್ಡ್ ಟೀಚರ್ ಬಂದರು. ಎಂಬತ್ತೇಳು ವರ್ಷ, ವರ್ಲಿನ್ನನಿಗೆ ಮೂರನೇ ತರಗತಿಯಲ್ಲಿ ಭಾಗಾಕಾರ ಕಲಿಸಿದವರು. ಚರ್ಚಿನ ಕಾಫಿ ನೀರಾಗಿರುತ್ತದೆ ಎಂದು ಬಾಯಿಬಿಟ್ಟು ಹೇಳಿ ಅಲ್ಲಿನವರ ಮನಸ್ಸು ನೋಯಿಸಿ, ಇಪ್ಪತ್ತು ವರ್ಷದಿಂದ ಆ ಕಡೆ ಹೋಗದವರು. ಹಾಗಾಗಿ ಪಾಸ್ಟರರ ಮಾತು ಅವರಿಗೆ ತಲುಪಿರಲಿಲ್ಲ. ಅವರು ಬೋರ್ಡು ನೋಡಿಯೇ ಕಾರು ತಂದಿದ್ದರು. ಈಗ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು, ಇಳಿಯಲಿಲ್ಲ.

"ಬಾರೋ ಇಲ್ಲಿ," ಎಂದರು. "ಪಕ್ಕದಲ್ಲಿ ಕೂತ್ಕೋ. ಬೆಲ್ಟ್ ಹಾಕ್ಬೇಡ."

ವರ್ಲಿನ್ ಕೂತ. ಟೀಚರ್ ಅಂಗಳದಲ್ಲೇ ಐದಾರು ಅಡಿ ಕಾರು ಬಿಟ್ಟು ಬ್ರೇಕು ಒತ್ತಿದರು. ಬೆಣ್ಣೆ ಸವರಿದ ತಟ್ಟೆಯ ಮೇಲಿಂದ ಪ್ಯಾನ್‌ಕೇಕ್ ಜಾರುವಂತೆ ವರ್ಲಿನ್ ಜಾರಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಡ್ಯಾಶ್‌ಬೋರ್ಡಿನ ಕೆಳಗೆ ಮುದುಡಿ ಕೂತ.

"ಏನು ಹಚ್ಚಿದೀಯ ಇದಕ್ಕೆ?"

"ಟೈರ್ ಪಾಲಿಶ್, ಟೀಚರ್," ಎಂದ ಅವನು ಅಲ್ಲಿಂದಲೇ.

"ಇದು ಟೈರಾ?"

"ಅಲ್ಲ."

"ಮತ್ಯಾಕೆ ಹಚ್ಚಿದೆ? ಹೊರಗಡೆ ಚೆನ್ನಾಗಿ ಮಾಡಿದೀಯ, ಚಕ್ರದಲ್ಲಿ ಒಂದು ಹರಳು ಉಪ್ಪಿಲ್ಲ, ನಾನು ಬಗ್ಗಿ ನೋಡ್ದೆ. ಒಳಗಡೆ ಸೋಮಾರಿತನ ಮಾಡಿದೀಯ. ಎದ್ದೇಳು, ತೆಗಿ ಇದನ್ನ."

ವರ್ಲಿನ್ ಎದ್ದು ಹೊರಗೆ ಬಂದ. ಅವನ ಕಿವಿಯಲ್ಲಿ 'ಹೊರಗಡೆ ಚೆನ್ನಾಗಿ ಮಾಡಿದೀಯ' ಎಂಬ ಒಂದೇ ಮಾತು ಉಳಿದಿತ್ತು, ಯಾಕೆಂದರೆ ಒಳಗಡೆ ಕೆಟ್ಟಿದೆ ಎಂದ ಬಾಯಿಯೇ ಅದನ್ನೂ ಹೇಳಿತ್ತು. ಉಳಿದವರು ಯಾರೂ ಏನೂ ಹೇಳಲಿಲ್ಲ ಎಂದು ಅವನು ಟೀಚರಿಗೆ ಹೇಳಿದ, ತನ್ನನ್ನು ಕಂಡು ಅವರಿಗೆ ಪಾಪ ಎನ್ನಿಸಿತೇನೋ ಎಂದ.

"ನಂಗೇನೂ ನೀನು ಪಾಪ ಅನ್ನಿಸ್ಲಿಲ್ಲ," ಎಂದರು ಟೀಚರ್. "ನಂಗೆ ಕಾರು ಸರಿಯಾಗ್ಬೇಕು."

ಅವರು ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತರು. ವರ್ಲಿನ್ ಬಿಸಿನೀರು, ಮೆದು ಸೋಪು, ಮೆತ್ತನೆಯ ಬ್ರಷ್ಷು ತಂದು ಸೀಟನ್ನು ಒಂದೊಂದು ಗೇಣಾಗಿ ತಿಕ್ಕಿ ಒರೆಸಿದ. ಒಣಗಿದ ಮೇಲೆ ಟೀಚರ್ ಬಂದು ಅಂಗೈಯಿಂದ ತಡವಿ, ಇಲ್ಲಿ ಇನ್ನೂ ಇದೆ ಎನ್ನುತ್ತಿದ್ದರು. ಅವನು ಮತ್ತೆ ತಿಕ್ಕುತ್ತಿದ್ದ. ಪೆಡಲನ್ನು ಮೂರು ಸಲ ತಿಕ್ಕಿಸಿದರು. ಆರ್ಡಿಸ್ ಕಾಫಿ ತಂದುಕೊಟ್ಟಳು. ಟೀಚರ್ ಒಂದು ಗುಟುಕು ಕುಡಿದು, ಇದೂ ನೀರು ಎಂದರು. ಮಧ್ಯಾಹ್ನ ಎರಡಕ್ಕೆ ಅವರು ಕಾರಿನಲ್ಲಿ ಕೂತು ಅಂಗಳದ ತುದಿಯವರೆಗೆ ಹೋಗಿ, ಜೋರಾಗಿ ಬ್ರೇಕು ಹಾಕಿ, ಕೂತಲ್ಲೇ ಕೂತಿದ್ದರು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಅಲ್ಲಾಡಿತು. ಕಾರು ಹೊರಟುಹೋಯಿತು.

ವರ್ಲಿನ್ ಬೋರ್ಡು ಮತ್ತೆ ನೆಟ್ಟ. ನೆಟ್ಟವನು ಸುಮ್ಮನಿರದೆ ಒಳಗೆ ಹೋಗಿ ಪಾಸ್ಟರರಿಗೆ ಫೋನು ಮಾಡಿ, ಸೋಮವಾರ ಕಾರು ತರಬೇಕು, ಒಂದು ಷರತ್ತಿದೆ, ಏನು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳದ ಹೊರತು ಕಾರು ಮುಟ್ಟುವುದಿಲ್ಲ ಎಂದ. ಪಾಸ್ಟರ್ ಆ ಕಡೆಯಿಂದ ಹವಾಮಾನಕ್ಕೆ ಹೋಗಲು ನೋಡಿದರು. ಅವನು ಫೋನಿಟ್ಟ.

ಸೋಮವಾರ ಪಾಸ್ಟರ್ ಬಂದರು. ಇಪ್ಪತ್ತಾರು ವರ್ಷ ಪ್ರವಚನ ಹೇಳಿದ ಮನುಷ್ಯ ಗ್ಯಾರೇಜಿನ ಎದುರು ಮಾತು ಸಿಗದೆ ನಿಂತರು. ಕಾರು ತುಂಬಾ ಚೆನ್ನಾಗಿದೆ, ಹೇಳುವಂಥದ್ದೇನಿಲ್ಲ ಎಂದರು. ವರ್ಲಿನ್ ಕೈಕಟ್ಟಿಕೊಂಡು ನಿಂತ. ಸ್ವಲ್ಪ ಬೇರೆ ಥರ ಎಂದರು. ವರ್ಲಿನ್ ಕದಲಲಿಲ್ಲ. ಪಾಸ್ಟರರ ಹಣೆಯಲ್ಲಿ ಬೆವರು ಮೂಡಿತು.

"ಸೀಟು ಜಾರತ್ತೆ ವರ್ಲಿನ್," ಎಂದರು ಕೊನೆಗೆ, ತಮ್ಮ ಶೂ ನೋಡಿಕೊಂಡು. ಏನೂ ಅನಾಹುತವಾಗಲಿಲ್ಲ. ವರ್ಲಿನ್ ನಿಂತಲ್ಲೇ ಇದ್ದ, ಅವನ ಮುಖ ಅರಳುತ್ತಿತ್ತು. ಪಾಸ್ಟರ್ ತಲೆಯೆತ್ತಿದರು. "ಧಾನ್ಯದ ಗೋದಾಮಿನ ಹತ್ರ ತಿರುಗಿಸ್ಬೇಕಾದ್ರೆ ನಾನು ಪಕ್ಕದ ಸೀಟಿಗೇ ಹೋಗ್ಬಿಟ್ಟೆ. ಸ್ಟೀರಿಂಗು ಕೈಗೆ ಸಿಕ್ಕಲ್ಲ. ನನ್ನ ಕಪ್ಪು ಪ್ಯಾಂಟು ಹಾಳಾಯ್ತು, ಅದನ್ನೇ ಹಾಕ್ಕೊಂಡು ಒಂದು ಅಂತ್ಯಕ್ರಿಯೆ ಮಾಡಿಸ್ದೆ. ಮತ್ತೆ ಆ ವಾಸನೆ..."

"ನಿಧಾನಕ್ಕೆ ಹೇಳಿ ಪಾಸ್ಟರ್," ಎಂದ ವರ್ಲಿನ್, ಜೇಬಿನಲ್ಲಿ ಪೆನ್ಸಿಲ್ ತಡಕಾಡುತ್ತ. ಅವನ ಕಣ್ಣು ತುಂಬಿ ಬಂದಿತ್ತು. "ಬರ್ಕೋತೀನಿ."